ಹೆಂಡತಿ ಎಡ್ಮಂಟನ್‌ನಲ್ಲಿ, ನಾನು ತಿಪಟೂರಿನಲ್ಲಿ: ಎಂಟು ತಿಂಗಳಿಂದ ಬರೀ ‘ಇನ್ ಪ್ರೋಗ್ರೆಸ್’

ತಿಪಟೂರು_ತೆಂಗು · ಮೇ 19, 2025

ಎಲ್ಲರಿಗೂ ನಮಸ್ಕಾರ. ಇಲ್ಲಿ ಒಂದು ವರ್ಷದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ನನ್ನ ಹೆಂಡತಿ ಕೆನಡಾದ ಎಡ್ಮಂಟನ್‌ನಲ್ಲಿ ನರ್ಸ್. ಅವಳಿಗೆ ಪಿಆರ್ ಇದೆ, ಅಂದರೆ ಅಲ್ಲಿ ಕಾಯಂ ಆಗಿ ಇರುವ ಅನುಮತಿ. 2024ರ ಫೆಬ್ರವರಿಯಲ್ಲಿ ನಮ್ಮ ಮದುವೆ ಆಯಿತು. ಅವಳಿಗೆ ಸಿಕ್ಕಿದ್ದು 26 ದಿನ ರಜೆ, ಅದರಲ್ಲಿ ಓಡಾಟ ಬಿಟ್ಟರೆ ಮನೆಯಲ್ಲಿ ಇದ್ದದ್ದು ಹದಿನೈದು ದಿನ ಅಷ್ಟೇ. ಸೆಪ್ಟೆಂಬರ್‌ನಲ್ಲಿ ಅವಳು ಸ್ಪಾನ್ಸರ್ ಆಗಿ ನನ್ನ ಪಿಆರ್‌ಗೆ ಅರ್ಜಿ ಹಾಕಿದೆವು. ಔಟ್‌ಲ್ಯಾಂಡ್, ಅಂದರೆ ನಾನು ಕೆನಡಾದ ಹೊರಗೆ ಇದ್ದುಕೊಂಡೇ. ನವೆಂಬರ್‌ನಲ್ಲಿ ಬೆಂಗಳೂರಿಗೆ ಹೋಗಿ ಬಯೋಮೆಟ್ರಿಕ್ಸ್ ಕೊಟ್ಟೆ, ಜನವರಿಯಲ್ಲಿ ಮೆಡಿಕಲ್ ಮುಗಿಸಿದೆ. ಅಲ್ಲಿಂದ ಮುಂದೆ ಸುದ್ದಿಯೇ ಇಲ್ಲ.

ಅರ್ಜಿ ಹಾಕಿಸಿದ್ದು ಒಬ್ಬ ಏಜೆಂಟ್ ಹತ್ತಿರ. ಹೆಸರು ಬೇಡ ಬಿಡಿ. ಆರು ತಿಂಗಳಲ್ಲಿ ಆಗುತ್ತೆ ಅಂದಿದ್ದರು. ಅದನ್ನು ನಂಬಿ ಬೆಂಗಳೂರಿನ ಕೆಲಸ ಬಿಟ್ಟೆ, ಬಾಡಿಗೆ ಮನೆ ಖಾಲಿ ಮಾಡಿದೆ. ಈಗ ಅಪ್ಪನ ಜೊತೆ ತೋಟ ನೋಡಿಕೊಂಡಿದ್ದೇನೆ. ಹರಾಜಿನ ದಿನ ಎಪಿಎಂಸಿಗೆ ಹೋದರೆ ಸಿಕ್ಕವರೆಲ್ಲ ಮೊದಲು ಕೊಬ್ಬರಿ ರೇಟು ಕೇಳುತ್ತಾರೆ, ಆಮೇಲೆ ‘ಕೆನಡಾ ಯಾವಾಗಪ್ಪ?’ ಅಂತಾರೆ. ರೇಟಾದರೂ ಹೇಳಬಹುದು.

ಪ್ರತಿ ಸೋಮವಾರ ಏಜೆಂಟರಿಗೆ ವಾಟ್ಸ್ಆ್ಯಪ್ ಮಾಡುತ್ತೇನೆ. ಅವರು ಒಂದು ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ‘ಇನ್ ಪ್ರೋಗ್ರೆಸ್’. ಕೆಳಗೆ ಕೈಮುಗಿಯುವ ಇಮೋಜಿ. ಇದು ಎಲ್ಲರಿಗೂ ಹೀಗೇನಾ? ಇನ್ನೆಷ್ಟು ದಿನ ಆಗಬಹುದು?

ಬ್ರಾಂಪ್ಟನ್_ಪದ್ಮಕ್ಕ · ಮೇ 19

ತಮ್ಮಾ, ಎಂಟು ತಿಂಗಳಿಗೆ ಗಾಬರಿ ಆಗಬೇಡ. ಹೊರದೇಶದಲ್ಲಿರುವ ಗಂಡ ಅಥವಾ ಹೆಂಡತಿಯ ಅರ್ಜಿಗೆ ಕೆನಡಾದ ವಲಸೆ ಇಲಾಖೆ ಐಆರ್‌ಸಿಸಿ ಇಟ್ಟುಕೊಂಡಿರುವ ಗುರಿಯೇ 12 ತಿಂಗಳು. ಅದೂ ನೂರರಲ್ಲಿ 80 ಅರ್ಜಿಗೆ ಮಾತ್ರ. ಉಳಿದ ಇಪ್ಪತ್ತರಲ್ಲಿ ನಾವು ಬಿದ್ದೆವಾ ಅಂತ ಯಾರಿಗೂ ಮೊದಲೇ ಗೊತ್ತಾಗಲ್ಲ. ನಿಮ್ಮ ಏಜೆಂಟರು ಆ ಆರು ತಿಂಗಳು ಎಲ್ಲಿಂದ ತಂದರೋ.

ನಮ್ಮ ಯಜಮಾನರದು 2019ರಲ್ಲಿ ಹಾಕಿದ್ದು. ಆಗ ಎಲ್ಲ ಕಾಗದ. ಮದುವೆ ಫೋಟೋ, ಫೋನ್ ಬಿಲ್ಲು, ಲಗ್ನಪತ್ರಿಕೆ ಎಲ್ಲ ಸೇರಿಸಿ ಕಟ್ಟು ಕಟ್ಟಿ ಕೊರಿಯರ್ ಮಾಡಿದ್ದೆ. ಲಗ್ನಪತ್ರಿಕೆ ಕನ್ನಡದಲ್ಲಿ ಇತ್ತಲ್ಲ, ಅದನ್ನು ಇಂಗ್ಲಿಷಿಗೆ ಮಾಡಿಸಿ, ಅನುವಾದ ಮಾಡಿದವರಿಂದ ಅಫಿಡವಿಟ್ ಬೇರೆ. ‘ಶ್ರೀಮತಿ ಮತ್ತು ಶ್ರೀ ಇಂಥವರ ಜ್ಯೇಷ್ಠ ಪುತ್ರಿ ಚಿ.ಸೌ.’ ಅಂತ ಇರುತ್ತಲ್ಲ, ಆ ‘ಚಿ.ಸೌ.’ ಅನ್ನೋದನ್ನ ಆ ಪುಣ್ಯಾತ್ಮ ನನ್ನ ಹೆಸರಿನ ಇನಿಶಿಯಲ್ ಅಂದುಕೊಂಡು ಸಿ.ಎಸ್. ಅಂತ ಹಾಕಿದ್ದ. ಪುನಃ ಮಾಡಿಸಿದೆ.

2022ರ ಸೆಪ್ಟೆಂಬರ್ 23ರಿಂದ ಆನ್‌ಲೈನ್ ಕಡ್ಡಾಯ ಆಯಿತು. ಕಟ್ಟು ಕಟ್ಟುವ ಕೆಲಸ ತಪ್ಪಿತು, ಕಾಯುವುದು ತಪ್ಪಲಿಲ್ಲ.

ಹುಬ್ಳಿ_ಟು_ಹ್ಯಾಲಿಫ್ಯಾಕ್ಸ್ · ಮೇ 19

ಪದ್ಮಕ್ಕ ಹೇಳಿದ್ದು ಸರಿ. ಆದರೆ ನನಗೆ ಬೇರೆ ಒಂದು ಅನುಮಾನ. ಸ್ಕ್ರೀನ್‌ಶಾಟ್ ಯಾಕ್ರೀ ಬೇಕು? ನಿಮ್ಮ ಕೈಯಲ್ಲಿ ಲಾಗಿನ್ ಇಲ್ವಾ? ಅರ್ಜಿಯಲ್ಲಿ ಯಾರ ಇಮೇಲ್ ಕೊಟ್ಟಿದ್ದಾರೆ?

ತಿಪಟೂರು_ತೆಂಗು · ಮೇ 19

ಅವರದೇ ಇಮೇಲ್. ನನ್ನದಕ್ಕೂ, ಹೆಂಡತಿಯದಕ್ಕೂ. ‘ನಿಮಗೆ ಯಾಕೆ ತಲೆನೋವು, ಬಂದಿದ್ದೆಲ್ಲ ನಾನು ನೋಡ್ಕೋತೀನಿ’ ಅಂದರು.

ಹುಬ್ಳಿ_ಟು_ಹ್ಯಾಲಿಫ್ಯಾಕ್ಸ್ · ಮೇ 19

ತಲೆನೋವು ಇರುವುದೇ ಅಲ್ಲಿ ನೋಡ್ರಿ. ಇಲಾಖೆಯವರು ಏನಾದರೂ ಕೇಳಿದರೆ ಆ ಪತ್ರ ಹೋಗುವುದು ಆ ಇಮೇಲಿಗೆ. ಉತ್ತರ ಕೊಡಲು ಸಾಮಾನ್ಯವಾಗಿ 30 ದಿನ. ಬಯೋಮೆಟ್ರಿಕ್ಸ್‌ಗೂ ಮೆಡಿಕಲ್‌ಗೂ ಅಷ್ಟೇ ಕೊಟ್ಟಿದ್ದರು ಅಲ್ವಾ? ಏಜೆಂಟ್ ನೋಡದೆ ಬಿಟ್ಟರೆ ಹೋಗುವುದು ನಿಮ್ಮ ಫೈಲ್, ಅವರದಲ್ಲ.

ಇವತ್ತೇ ಮಾಡಬೇಕಾದ್ದು ಹೇಳುತ್ತೇನೆ. ಗಂಡ-ಹೆಂಡತಿ, ಮಕ್ಕಳ ಪಿಆರ್ ಅರ್ಜಿಗೆಂದೇ 2022ರ ಫೆಬ್ರವರಿಯಲ್ಲಿ ಒಂದು ಟ್ರ್ಯಾಕರ್ ತಂದರು. ಅದಕ್ಕೆ ನೀವೇ ನಿಮ್ಮ ಇಮೇಲ್‌ನಲ್ಲಿ ಅಕೌಂಟ್ ತೆರೆದು ಅರ್ಜಿಯನ್ನು ಜೋಡಿಸಿಕೊಳ್ಳಬಹುದು. ಅರ್ಜಿ ತಲುಪಿದೆ ಅಂತ ಅವರು ಕಳಿಸುವ ಎಒಆರ್ ಪತ್ರದಲ್ಲಿ ಅರ್ಜಿ ಸಂಖ್ಯೆ ಇರುತ್ತೆ, ನಿಮ್ಮನ್ನು ಗುರುತಿಸುವ ಯುಸಿಐ ಸಂಖ್ಯೆಯೂ ಇರುತ್ತೆ. ಆ ಪತ್ರವಾದರೂ ನಿಮ್ಮ ಹತ್ತಿರ ಇದೆಯಾ? ನಿಮ್ಮ ಮನೆಯವರಿಗೂ ಬೇರೆ ಅಕೌಂಟ್ ಮಾಡಲು ಹೇಳಿ. ಸ್ಪಾನ್ಸರ್ ಕೂಡ ನೋಡಬಹುದು.

ಇನ್ನೊಂದು. ಅವರು ಕಳಿಸಿದ ಹಳೆಯ ಸ್ಕ್ರೀನ್‌ಶಾಟ್‌ಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ.

ಕಾದು_ಕಾದು_ಕಾಫಿ · ಮೇ 20

ನಾನು ಮೈಸೂರಿನಿಂದ. ನಮ್ಮವರು ಟೊರೊಂಟೊದಲ್ಲಿ, ನನಗೆ 11 ತಿಂಗಳು ನಡೆಯುತ್ತಿದೆ. ಟ್ರ್ಯಾಕರ್ ಸಿಕ್ಕರೆ ನೆಮ್ಮದಿ ಸಿಗುತ್ತೆ ಅಂದುಕೊಳ್ಳಬೇಡಿ ಅಣ್ಣ. ಅದರಲ್ಲಿ ಇರುವುದು ನಾಲ್ಕೈದು ಸಾಲು. ಅರ್ಹತೆ, ಮೆಡಿಕಲ್, ಬಯೋಮೆಟ್ರಿಕ್ಸ್, ಬ್ಯಾಕ್‌ಗ್ರೌಂಡ್ ಚೆಕ್, ಕೊನೆಯ ನಿರ್ಧಾರ. ಮೇಲೆ ‘ಲಾಸ್ಟ್ ಅಪ್‌ಡೇಟೆಡ್’ ಅಂತ ಒಂದು ತಾರೀಖು.

ಆ ತಾರೀಖೇ ನನ್ನ ಶತ್ರು. ಒಂದೊಂದು ದಿನ ತಾರೀಖು ಬದಲಾಗಿರುತ್ತೆ, ಕೆಳಗೆ ಒಂದಕ್ಷರವೂ ಬದಲಾಗಿರಲ್ಲ. ಇದಕ್ಕೆ ಇಲ್ಲಿ ಎಲ್ಲರೂ ಘೋಸ್ಟ್ ಅಪ್‌ಡೇಟ್ ಅಂತಾರೆ. ಮೊದಲ ಸಲ ಆದಾಗ ನಾನು ಒಲೆ ಮೇಲೆ ಹಾಲಿಟ್ಟು ಫೋನ್ ಹಿಡಿದು ಕೂತೆ. ಹಾಲು ಉಕ್ಕಿ ಒಲೆ ಆರಿತು. ಅತ್ತೆ ಬಂದು ಗ್ಯಾಸ್ ಆಫ್ ಮಾಡಿ ‘ಬಂತಾ?’ ಅಂದರು. ಇಲ್ಲ ಅತ್ತೆ, ದೆವ್ವ ಬಂದಿತ್ತು ಅಂದೆ.

ತಿಪಟೂರು_ತೆಂಗು · ಮೇ 20

ಹುಬ್ಳಿ ಅಣ್ಣ, ಸ್ಕ್ರೀನ್‌ಶಾಟ್ ನೋಡಿದೆ. ನಿನ್ನೆ ಕಳಿಸಿದ್ದರಲ್ಲಿ ಬ್ಯಾಟರಿ 37 ಪರ್ಸೆಂಟ್, ಸಮಯ 11:42. ಮಾರ್ಚ್‌ನಿಂದ ಈಚೆಗೆ ಬಂದಿರುವ ಎಲ್ಲದರಲ್ಲೂ ಅದೇ 37, ಅದೇ 11:42.

ಕೈಕಾಲು ಆಡುತ್ತಿಲ್ಲ.

ಬ್ರಾಂಪ್ಟನ್_ಪದ್ಮಕ್ಕ · ಮೇ 20

ಅಯ್ಯೋ ದೇವರೇ. ಮೊದಲು ಟ್ರ್ಯಾಕರ್ ಮಾಡಿಕೊಳ್ಳಪ್ಪ. ಬೈಯುವುದು ಆಮೇಲೆ.

ತಿಪಟೂರು_ತೆಂಗು · ಮೇ 21

ಎಒಆರ್ ಪಿಡಿಎಫ್ ಸಿಕ್ಕಿತು, ಅಕ್ಟೋಬರ್‌ನಲ್ಲಿ ಹೆಂಡತಿಗೆ ಏಜೆಂಟರೇ ಕಳಿಸಿದ್ದರು. ಸಂಖ್ಯೆ ಎಲ್ಲ ಇದೆ. ಆದರೆ ಟ್ರ್ಯಾಕರ್ ಒಪ್ಪುತ್ತಿಲ್ಲ. ‘ವಿವರ ಹೊಂದುತ್ತಿಲ್ಲ’ ಅನ್ನುತ್ತೆ. ಮೂರು ಸಲ ಹಾಕಿದೆ.

ಹುಬ್ಳಿ_ಟು_ಹ್ಯಾಲಿಫ್ಯಾಕ್ಸ್ · ಮೇ 21

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇದೆಯಾ?

ತಿಪಟೂರು_ತೆಂಗು · ಮೇ 21

ಇಲ್ಲ. ಆ ಜಾಗ ಖಾಲಿ. ಗಿವನ್ ನೇಮ್ ಇರುವಲ್ಲೇ ನನ್ನ ಹೆಸರು, ಅಪ್ಪನ ಹೆಸರು ಎರಡೂ ಇವೆ. ನಮ್ಮ ಕಡೆ ಇನಿಶಿಯಲ್ ತಾನೆ.

ಹುಬ್ಳಿ_ಟು_ಹ್ಯಾಲಿಫ್ಯಾಕ್ಸ್ · ಮೇ 21

ಗೊತ್ತಾಯಿತು. ಹಳೇ ಮೈಸೂರು ಕಡೆಯವರ ಅರ್ಧ ಸಮಸ್ಯೆ ಇದೇ. ನಮ್ಮ ಕಡೆ ಪಾಟೀಲ, ಕುಲಕರ್ಣಿ, ಹಿರೇಮಠ ಅಂತ ಏನಾದರೊಂದು ಇರುತ್ತೆ, ಬಚಾವ್. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲದಿದ್ದರೆ ಕೆನಡಾ ಫಾರಂನಲ್ಲಿ ಪೂರ್ತಿ ಹೆಸರನ್ನು ಫ್ಯಾಮಿಲಿ ನೇಮ್ ಜಾಗದಲ್ಲಿ ಹಾಕಿ, ಗಿವನ್ ನೇಮ್ ಖಾಲಿ ಬಿಡಬೇಕು. ಎಒಆರ್‌ನಲ್ಲಿ ಹೆಸರು ಹೇಗೆ ಬಂದಿದೆಯೋ ಹಾಗೇ ಹಾಕಿ ನೋಡಿ, ಸ್ಪೇಸ್ ಸಮೇತ.

ತಿಪಟೂರು_ತೆಂಗು · ಮೇ 21, ರಾತ್ರಿ

ಆಯಿತು ಅಣ್ಣ, ತೆರೆಯಿತು.

ಮೆಡಿಕಲ್ ಮುಗಿದಿದೆ, ಬಯೋಮೆಟ್ರಿಕ್ಸ್ ಮುಗಿದಿದೆ. ಬ್ಯಾಕ್‌ಗ್ರೌಂಡ್ ಚೆಕ್ ‘ಇನ್ ಪ್ರೋಗ್ರೆಸ್’. ಆದರೆ ಮೆಸೇಜ್ ಪಟ್ಟಿಯಲ್ಲಿ ಏಪ್ರಿಲ್ 28ರ ತಾರೀಖಿನಲ್ಲಿ ಒಂದು ಇದೆ. ಪತ್ರ ಕಳಿಸಿದ್ದೇವೆ ಅಂತ.

ಏಜೆಂಟರಿಗೆ ಫೋನ್ ಮಾಡಿದೆ. ಮೊದಲು ಏನೂ ಬಂದಿಲ್ಲ ಅಂದರು. ತಾರೀಖು ಹೇಳಿದ ಮೇಲೆ ಐದು ನಿಮಿಷ ಲೈನ್‌ನಲ್ಲೇ ಇಟ್ಟು ಹುಡುಕಿದರು. ‘ಹಾಂ, ಸ್ಪ್ಯಾಮ್‌ನಲ್ಲಿ ಹೋಗಿತ್ತು ಸರ್’. ಪತ್ರ ಕಳಿಸಿದರು. ದುಬೈ ಪೊಲೀಸ್ ಕ್ಲಿಯರೆನ್ಸ್ ಕೇಳಿದ್ದಾರೆ. 30 ದಿನ. ಅಂದರೆ ಇದೇ ಮೇ 28.

ನಾನು 2017ರಲ್ಲಿ ದುಬೈನಲ್ಲಿ ಎಂಟು ತಿಂಗಳು ಇದ್ದೆ. ಅದನ್ನು ಅರ್ಜಿ ಹಾಕುವಾಗಲೇ ಹೇಳಿದ್ದೆ. ಒಂದು ವರ್ಷ ಆಗದಿದ್ದರೆ ಬೇಡ ಅಂದಿದ್ದರು.

ಹುಬ್ಳಿ_ಟು_ಹ್ಯಾಲಿಫ್ಯಾಕ್ಸ್ · ಮೇ 21

ಒಂದು ವರ್ಷ ಅಲ್ಲ. ಕಳೆದ ಹತ್ತು ವರ್ಷದಲ್ಲಿ ಯಾವ ದೇಶದಲ್ಲಾದರೂ ಸತತ ಆರು ತಿಂಗಳು ಇದ್ದರೆ ಅಲ್ಲಿಯ ಪೊಲೀಸ್ ಕ್ಲಿಯರೆನ್ಸ್, ಅಂದರೆ ಪಿಸಿಸಿ ಬೇಕು. ಒಂದು ಮುಖ್ಯ ವಿಷಯ: ಅರ್ಜಿಯ ವಿಳಾಸಗಳ ಪಟ್ಟಿಯಲ್ಲಿ, ಅಂದರೆ ಶೆಡ್ಯೂಲ್ ಎ ಫಾರಂನಲ್ಲಿ, ದುಬೈ ಬರೆದಿದ್ದಾರಾ?

ತಿಪಟೂರು_ತೆಂಗು · ಮೇ 22

ಪ್ರತಿ ತರಿಸಿಕೊಂಡು ನೋಡಿದೆ. ಬರೆದಿದ್ದಾರೆ, ಸದ್ಯ.

ಹುಬ್ಳಿ_ಟು_ಹ್ಯಾಲಿಫ್ಯಾಕ್ಸ್ · ಮೇ 22

ಹಾಗಾದರೆ ಉಸಿರಾಡಿ. ಬರೆಯದೇ ಇದ್ದಿದ್ದರೆ ಕಥೆ ಬೇರೆ. ಮುಚ್ಚಿಟ್ಟಿದ್ದಾರೆ ಅಂತ ತೀರ್ಮಾನವಾದರೆ ಐದು ವರ್ಷ ಕೆನಡಾ ಬಾಗಿಲು ಮುಚ್ಚುತ್ತೆ. ‘ಏಜೆಂಟ್ ಬರೆದದ್ದು, ನನಗೆ ಗೊತ್ತಿಲ್ಲ’ ಅಂದರೆ ಕೇಳಲ್ಲ. ಸಹಿ ನಿಮ್ಮದು.

ಈಗ ನಿಮ್ಮದು ಬರೀ ಕಾಗದ ಕಮ್ಮಿ ಬಿದ್ದ ಕೇಸು. ಇವತ್ತೇ ದುಬೈ ಪಿಸಿಸಿಗೆ ಅರ್ಜಿ ಹಾಕಿ. ಒಂದು ವಾರದಲ್ಲಿ ಬರುತ್ತೆ ಅಂತ ಕೂರಬೇಡಿ. ಅರ್ಜಿ ಹಾಕಿದ ರಸೀದಿ, ದುಡ್ಡು ಕಟ್ಟಿದ ರಸೀದಿ, ಜೊತೆಗೆ ಒಂದು ಪುಟದ ವಿವರಣೆ ಪತ್ರ ಇಟ್ಟು 28ರ ಒಳಗೆ ಕಳಿಸಿ, ಇನ್ನಷ್ಟು ಸಮಯ ಕೇಳಿ. ಪತ್ರದಲ್ಲಿ ಹೇಗೆ ಕಳಿಸಿ ಅಂದಿದ್ದಾರೋ ಆ ದಾರಿಯಲ್ಲೂ ಕಳಿಸಿ, ಇಲಾಖೆಯ ವೆಬ್‌ಸೈಟಿನಲ್ಲಿರುವ ವೆಬ್‌ಫಾರ್ಮ್‌ನಲ್ಲೂ ಹಾಕಿ. ವಿವರಣೆಯಲ್ಲಿ ಗೋಳು ಬೇಡ. ಯಾವ ತಾರೀಖಿಗೆ ಗೊತ್ತಾಯಿತು, ಯಾವ ತಾರೀಖಿಗೆ ಅರ್ಜಿ ಹಾಕಿದೆ, ಅಷ್ಟೇ.

ಕಾದು_ಕಾದು_ಕಾಫಿ · ಮೇ 22

ವೆಬ್‌ಫಾರ್ಮ್‌ನಲ್ಲೇ ಇಮೇಲ್ ಬದಲಾಯಿಸಲೂ ಕೇಳಿಕೊಳ್ಳಿ ಅಣ್ಣ. ಅದನ್ನು ಮರೆಯಬೇಡಿ.

ಸಾಸ್ಕಟೂನ್_ಶೆಟ್ರು · ಮೇ 23

ನಾನು ಸ್ವಲ್ಪ ಉಲ್ಟಾ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲರೂ ಎಲ್ಲವನ್ನೂ ತಾವೇ ಮಾಡಿಕೊಳ್ಳಲು ಆಗಲ್ಲ ಮಾರಾಯ್ರೆ. ನನ್ನ ಹೆಂಡತಿಗೆ ಇದು ಎರಡನೇ ಮದುವೆ, ಡಿವೋರ್ಸ್ ಕಾಗದ ಎಲ್ಲ ಇತ್ತು. ನಾನು ವಕೀಲರನ್ನು ಇಟ್ಟುಕೊಂಡೆ, ಚೆಂದ ಮಾಡಿಕೊಟ್ಟರು. ಏಜೆಂಟ್ ಅಂದ ಕೂಡಲೇ ಕಳ್ಳ ಅನ್ನುವುದು ಸರಿಯಲ್ಲ.

ಹುಬ್ಳಿ_ಟು_ಹ್ಯಾಲಿಫ್ಯಾಕ್ಸ್ · ಮೇ 23

ಶೆಟ್ರೇ, ನಿಮ್ಮ ವಕೀಲರು ಅರ್ಜಿಯಲ್ಲಿ ತಮ್ಮ ಹೆಸರು ಹಾಕಿದ್ದರು ತಾನೆ? ವ್ಯತ್ಯಾಸ ಇರುವುದು ಅಲ್ಲೇ. ದುಡ್ಡು ತೆಗೆದುಕೊಂಡು ಇನ್ನೊಬ್ಬರ ಅರ್ಜಿ ನೋಡಿಕೊಳ್ಳಬೇಕು ಅಂದರೆ ವಕೀಲರಾಗಿರಬೇಕು, ಇಲ್ಲಾ ಲೈಸೆನ್ಸ್ ಇರುವ ಕನ್ಸಲ್ಟೆಂಟ್ ಆಗಿರಬೇಕು. ಕನ್ಸಲ್ಟೆಂಟ್‌ಗಳಿಗೆ ಒಂದು ಕಾಲೇಜ್ ಇದೆ, ಓದುವ ಕಾಲೇಜಲ್ಲ, ಲೈಸೆನ್ಸ್ ಕೊಡುವ ಸಂಸ್ಥೆ. ಅದರ ಪಟ್ಟಿಯಲ್ಲಿ ಹೆಸರು ಹುಡುಕಬಹುದು. ಅಂಥವರು ಐಎಂಎಂ 5476 ಫಾರಂ ತುಂಬಿಸಿ, ನಿಮ್ಮ ಸಹಿ ಹಾಕಿಸಿ, ರಾಜಾರೋಷವಾಗಿ ಪ್ರತಿನಿಧಿ ಆಗುತ್ತಾರೆ.

ತಿಪಟೂರಿನವರೇ, ಆ ಫಾರಂ ನಿಮ್ಮದರಲ್ಲಿ ಇದೆಯಾ?

ತಿಪಟೂರು_ತೆಂಗು · ಮೇ 23

ಇಲ್ಲ. ಲೈಸೆನ್ಸ್ ಪಟ್ಟಿಯಲ್ಲೂ ಹುಡುಕಿದೆ. ಹೆಸರಿಲ್ಲ.

ಕೊಟ್ಟಿದ್ದು 2 ಲಕ್ಷ 40 ಸಾವಿರ. ಇದರಲ್ಲಿ ಸರ್ಕಾರಿ ಫೀಸ್ ಎಷ್ಟು ಅಂತಲೂ ನನಗೆ ಗೊತ್ತಿಲ್ಲ, ನಗಬೇಡಿ.

ಬ್ರಾಂಪ್ಟನ್_ಪದ್ಮಕ್ಕ · ಮೇ 23

ನಗುವಂಥದ್ದೇನಿಲ್ಲ. ಸ್ಪಾನ್ಸರ್‌ಶಿಪ್ 85 ಡಾಲರ್, ಅರ್ಜಿ 545, ಪಿಆರ್ ಹಕ್ಕಿನ ಫೀಸ್ 575. ಒಟ್ಟು 1,205. ಬಯೋಮೆಟ್ರಿಕ್ಸ್ 85 ಬೇರೆ. ಇದು 2024ರ ಏಪ್ರಿಲ್ 30ರಿಂದ ಜಾರಿಗೆ ಬಂದ ಲೆಕ್ಕ. ರೂಪಾಯಿಯಲ್ಲಿ ಹತ್ತಿರ ಹತ್ತಿರ 80 ಸಾವಿರ. ಉಳಿದದ್ದು ಆ ಕೈಮುಗಿಯುವ ಇಮೋಜಿಗೆ.

ಸಾಸ್ಕಟೂನ್_ಶೆಟ್ರು · ಮೇ 23

ಛೆ. ಇದಕ್ಕೆ ನಾನು ವಾದ ಮಾಡಲ್ಲ. ರಸೀದಿ, ಚಾಟ್ ಎಲ್ಲ ಇಟ್ಟುಕೊಳ್ಳಿ, ಡಿಲೀಟ್ ಮಾಡಬೇಡಿ.

ನವವಧು_ಕ್ಯಾಲ್ಗರಿ · ಮೇ 26

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಸ್ಪಾನ್ಸರ್, ನಮ್ಮವರು ದಾವಣಗೆರೆಯಲ್ಲಿ. ಅಲ್ಲಿಯವರೆಗೆ ವಿಸಿಟರ್ ವೀಸಾದಲ್ಲಿ ಕರೆಸಿಕೊಳ್ಳಬಹುದಾ? ‘ಪಿಆರ್ ಹಾಕಿದ ಮೇಲೆ ವಿಸಿಟರ್ ಕೊಡಲ್ಲ’ ಅಂತ ಎಲ್ಲರೂ ಹೇಳುತ್ತಾರೆ.

ಬ್ರಾಂಪ್ಟನ್_ಪದ್ಮಕ್ಕ · ಮೇ 26

ಅದು ಹಳೆಯ ಹೆದರಿಕೆ ಕಣಮ್ಮ. ಕೆಲವು ಕಾಲ ಹಾಗೇ ಆಗುತ್ತಿತ್ತು ಕೂಡ. ಮುಂದೆ ಪಿಆರ್ ಆಗುವ ಆಸೆ, ಈಗ ಬರೀ ನೋಡಿ ಬರುವ ಉದ್ದೇಶ, ಎರಡೂ ಒಟ್ಟಿಗೆ ಇರಬಹುದು ಅಂತ ಅವರ ಕಾನೂನಿನಲ್ಲೇ ಇದೆ. ಡ್ಯುಯಲ್ ಇಂಟೆಂಟ್ ಅಂತಾರೆ. 2023ರ ಮೇನಲ್ಲಿ ಸಂಗಾತಿಗಳ ವಿಸಿಟರ್ ವೀಸಾ ಬೇಗ ಮುಗಿಸುತ್ತೇವೆ ಅಂತ ಪ್ರಕಟಿಸಿದರು. ಎಒಆರ್ ಪತ್ರ ಲಗತ್ತಿಸಿ ಹಾಕಿ. ಪಿಆರ್ ಅರ್ಜಿ ಇದೆ ಅನ್ನುವುದನ್ನು ಮಾತ್ರ ಮುಚ್ಚಿಡಬೇಡಿ.

ಕಾದು_ಕಾದು_ಕಾಫಿ · ಮೇ 26

ನನಗೆ ಮೊದಲ ಸಲ ರಿಜೆಕ್ಟ್ ಆಯಿತು, ಪದ್ಮಕ್ಕ. ವಾಪಸ್ ಹೋಗುತ್ತಾರೆ ಅಂತ ನಂಬಿಕೆ ಬರಲಿಲ್ಲ ಅಂತ ಬರೆದಿದ್ದರು. ಆದ್ದರಿಂದ ಆಗೇ ಆಗುತ್ತೆ ಅಂತ ಟಿಕೆಟ್ ನೋಡಬೇಡಿ. ಅದರಿಂದ ಪಿಆರ್ ಅರ್ಜಿಗೆ ಏನೂ ತೊಂದರೆ ಆಗಲಿಲ್ಲ, ಅದು ಅದರ ಪಾಡಿಗೆ ನಡೆಯುತ್ತಿದೆ.

ಸಾಸ್ಕಟೂನ್_ಶೆಟ್ರು · ಮೇ 26

ಬಂದರೆ ಸಾಮಾನ್ಯವಾಗಿ ಆರು ತಿಂಗಳು ಇರಬಹುದು. ನನ್ನ ಹೆಂಡತಿ ಹಾಗೇ ಬಂದಳು, ಇಲ್ಲಿಂದಲೇ ಓಪನ್ ವರ್ಕ್ ಪರ್ಮಿಟ್, ಅಂದರೆ ಯಾರ ಹತ್ತಿರ ಬೇಕಾದರೂ ಕೆಲಸ ಮಾಡುವ ಪರವಾನಗಿಗೆ ಹಾಕಿದಳು. ಔಟ್‌ಲ್ಯಾಂಡ್ ಅರ್ಜಿಯವರಿಗೂ ಅದು ಈಗ ಇದೆ, ಜೊತೆಯಲ್ಲಿ ವಾಸ ಇರಬೇಕು ಅಷ್ಟೇ. ಜನವರಿಯಲ್ಲಿ ಬಂದಳು, ಮೈನಸ್ 30. ಮಂಗಳೂರಿನ ಹುಡುಗಿ. ವಿಮಾನ ನಿಲ್ದಾಣದ ಬಾಗಿಲು ತೆರೆದ ಕೂಡಲೇ ತಿರುಗಿ ಒಳಗೆ ಹೋದಳು.

ನವವಧು_ಕ್ಯಾಲ್ಗರಿ · ಮೇ 26

ಇನ್ನೊಂದೇ ಪ್ರಶ್ನೆ. ನಾನು ಅಲ್ಲಿಗೇ ಹೋಗಿ ಒಂದು ನಾಲ್ಕು ತಿಂಗಳು ಇದ್ದು ಬರಲಾ?

ಹುಬ್ಳಿ_ಟು_ಹ್ಯಾಲಿಫ್ಯಾಕ್ಸ್ · ಮೇ 26

ಸಿಟಿಜನ್ ಆಗಿದ್ದರೆ ಪರವಾಗಿಲ್ಲ, ಸಂಗಾತಿ ಬಂದ ಮೇಲೆ ಕೆನಡಾದಲ್ಲಿ ಇರುತ್ತೇನೆ ಅಂತ ತೋರಿಸಿದರೆ ಸಾಕು. ಬರೀ ಪಿಆರ್ ಇರುವವರು ಕೆನಡಾದಲ್ಲೇ ವಾಸ ಇದ್ದು ಸ್ಪಾನ್ಸರ್ ಮಾಡಬೇಕು. ಮೂರು ವಾರ ಹೋಗಿಬನ್ನಿ, ಹಬ್ಬ ಮಾಡಿಬನ್ನಿ. ನಾಲ್ಕು ತಿಂಗಳು ಅಂದರೆ ನಾನಾಗಿದ್ದರೆ ಹೋಗಲ್ಲ.

ಮತ್ತೆ ನಗಬೇಡಿ, ಇದನ್ನೂ ಹೇಳಿಬಿಡುತ್ತೇನೆ. ಹೋಗಿಬಂದ ಮೇಲೆ ‘ವಿಶೇಷ’ ಇದ್ದರೆ, ಮಗು ಹುಟ್ಟಿದ ಕೂಡಲೇ ಅವರಿಗೆ ತಿಳಿಸಲೇಬೇಕು. ಅರ್ಜಿ ಮುಗಿಯುವ ಮೊದಲು ಮನೆಯಲ್ಲಿ ಯಾರು ಹೆಚ್ಚಾದರೂ ಹೇಳಬೇಕು. ಹೇಳದೆ ಬಿಟ್ಟರೆ ಆ ಮಗುವನ್ನು ಆಮೇಲೆ ಕರೆಸಿಕೊಳ್ಳುವುದೇ ಕಷ್ಟ ಆಗುತ್ತೆ.

ನವವಧು_ಕ್ಯಾಲ್ಗರಿ · ಮೇ 26

ಅಣ್ಣಾ! ಸರಿ, ಗೊತ್ತಾಯಿತು.

ತಿಪಟೂರು_ತೆಂಗು · ಮೇ 27

ಕಳಿಸಿದೆ. ದುಬೈ ಅರ್ಜಿಯ ರಸೀದಿ, ವಿವರಣೆ ಪತ್ರ, ಇಮೇಲ್ ಬದಲಾವಣೆ ಎಲ್ಲ. ಹೆಂಡತಿಯೂ ಅವಳ ಕಡೆಯಿಂದ ವೆಬ್‌ಫಾರ್ಮ್ ಹಾಕಿದ್ದಾಳೆ.

ಪತ್ರ ನಾನೇ ಬರೆದೆ. ಮೊದಲು ಮೂರು ಪುಟ ಆಗಿತ್ತು. ಅವಳು ಓದಿ, ‘ಇದರಲ್ಲಿ ನಿಮ್ಮ ಅಮ್ಮನ ಬಿಪಿ ಯಾಕೆ ಬಂತು?’ ಅಂದಳು. ಹನ್ನೊಂದು ಸಾಲಿಗೆ ಇಳಿಸಿದಳು.

ತಿಪಟೂರು_ತೆಂಗು · ಜೂನ್ 16

ದುಬೈ ಪಿಸಿಸಿ ಬಂತು, ಅಪ್‌ಲೋಡ್ ಮಾಡಿದೆ. ಈಗ ಪತ್ರಗಳು ನನ್ನ ಇಮೇಲಿಗೇ ಬರುತ್ತಿವೆ. ಬ್ಯಾಕ್‌ಗ್ರೌಂಡ್ ಚೆಕ್ ಮಾತ್ರ ಹಾಗೇ ಇದೆ. ಅವರು ಆ ಪಿಸಿಸಿ ನೋಡಿದರಾ ಇಲ್ವಾ ಅಂತ ತಿಳಿಯುವುದು ಹೇಗೆ? ಫೋನ್ ಮಾಡಲಾ?

ಹುಬ್ಳಿ_ಟು_ಹ್ಯಾಲಿಫ್ಯಾಕ್ಸ್ · ಜೂನ್ 16

ಅವರ ಕಾಲ್ ಸೆಂಟರ್ ನಂಬರ್ ಕೆನಡಾದ ಒಳಗಿನಿಂದ ಮಾತ್ರ ಹೋಗುತ್ತೆ. ಮನೆಯವರು ಮಾಡಬಹುದು, ಆದರೆ ಟ್ರ್ಯಾಕರ್‌ನಲ್ಲಿ ಇರುವುದನ್ನೇ ಓದಿ ಹೇಳುವ ಸಾಧ್ಯತೆ ಜಾಸ್ತಿ.

ಇದಕ್ಕಿಂತ ಜಿಸಿಎಂಎಸ್ ನೋಟ್ಸ್ ತರಿಸಿ. ನಿಮ್ಮ ಫೈಲ್ ಮೇಲೆ ಅಧಿಕಾರಿಗಳು ಬರೆದುಕೊಂಡ ಟಿಪ್ಪಣಿ ಅದು, ನಮ್ಮ ಆರ್‌ಟಿಐ ಇದ್ದ ಹಾಗೆ. ಫೀಸ್ 5 ಡಾಲರ್. ನಿಮ್ಮ ಒಪ್ಪಿಗೆ ಫಾರಂಗೆ ಸಹಿ ಮಾಡಿ ಕಳಿಸಿ, ಮನೆಯವರು ಅಲ್ಲಿಂದ ಹಾಕಲಿ. ಕಾನೂನಿನ ಪ್ರಕಾರ 30 ದಿನದಲ್ಲಿ ಕೊಡಬೇಕು. ಅದರಲ್ಲಿ ಕ್ರಿಮಿನಾಲಿಟಿ, ಸೆಕ್ಯುರಿಟಿ, ಅರ್ಹತೆ ಒಂದೊಂದೂ ಎಲ್ಲಿ ನಿಂತಿದೆ ಅಂತ ಬೇರೆ ಬೇರೆ ಕಾಣಿಸುತ್ತೆ. ಟ್ರ್ಯಾಕರ್ ಅದನ್ನೆಲ್ಲ ಒಂದೇ ಸಾಲಿನಲ್ಲಿ ಮುಚ್ಚಿಡುತ್ತೆ.

12 ತಿಂಗಳು ದಾಟಿದರೆ ಎಡ್ಮಂಟನ್‌ನಲ್ಲಿ ಅವರ ಏರಿಯಾದ ಎಂಪಿ ಆಫೀಸಿಗೆ ಹೋಗಲಿ. ನಮ್ಮಲ್ಲಿ ಎಂಪಿ ಅಂದರೆ ಮದುವೆ ಮನೆಯಲ್ಲಿ ಸಿಗುವವರು. ಇಲ್ಲಿ ಆಫೀಸಿನಲ್ಲಿ ಇದಕ್ಕೆಂದೇ ಒಬ್ಬರು ಕೂತಿರುತ್ತಾರೆ.

ಕಾದು_ಕಾದು_ಕಾಫಿ · ಜೂನ್ 30

ಬಂತು. ಬಂತು. ಬಂತು. ಪಾಸ್‌ಪೋರ್ಟ್ ಕೇಳಿದ್ದಾರೆ, ಅಂದರೆ ಒಪ್ಪಿಗೆ ಸಿಕ್ಕ ಹಾಗೇ!

ತಮಾಷೆ ಏನು ಗೊತ್ತಾ, ಟ್ರ್ಯಾಕರ್‌ನಲ್ಲಿ ಬ್ಯಾಕ್‌ಗ್ರೌಂಡ್ ಚೆಕ್ ಇನ್ನೂ ‘ಇನ್ ಪ್ರೋಗ್ರೆಸ್’ ಅಂತಲೇ ಇದೆ. ಇಮೇಲ್ ಮೊದಲು ಬಂತು. ವರ್ಷಪೂರ್ತಿ ನೋಡಿದ ಜಾಗದಲ್ಲಿ ಬರಲೇ ಇಲ್ಲ. ನಾಳೆ ಬೆಂಗಳೂರಿಗೆ ಹೋಗಿ ಪಾಸ್‌ಪೋರ್ಟ್ ಕೊಟ್ಟು ಬರುತ್ತೇನೆ. ಅತ್ತೆ ಆಗಲೇ ಚಟ್ನಿಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದಾರೆ, ಮನೆಯೆಲ್ಲ ಘಾಟು.

ಬ್ರಾಂಪ್ಟನ್_ಪದ್ಮಕ್ಕ · ಜೂನ್ 30

ಒಳ್ಳೇದಾಗಲಿ ಮಗಳೇ! ಪಿಆರ್ ಖಚಿತ ಮಾಡುವ ಸಿಒಪಿಆರ್ ಪತ್ರದಲ್ಲಿ ಇರುವ ಕೊನೆಯ ತಾರೀಖು ನೋಡಿಕೊಂಡು ಟಿಕೆಟ್ ಮಾಡು. ಮೆಡಿಕಲ್‌ಗೆ 12 ತಿಂಗಳು ಮಾತ್ರ ಬೆಲೆ, ಹೆಚ್ಚಾಗಿ ಅದರ ಲೆಕ್ಕದಲ್ಲೇ ತಾರೀಖು ಕೊಟ್ಟಿರುತ್ತಾರೆ. ಆಷಾಢ ಕಳೆಯಲಿ ಅಂತ ಮನೆಯಲ್ಲಿ ಯಾರಾದರೂ ಅಂದರೆ ಮೊದಲು ಆ ತಾರೀಖು ತೋರಿಸು.

ತಿಪಟೂರು_ತೆಂಗು · ಜುಲೈ 24

ನೋಟ್ಸ್ ಬಂತು. ಒಂದು ಕಟ್ಟು ಪುಟ, ಅರ್ಧಕ್ಕೆ ಏನೂ ಅರ್ಥ ಆಗಲಿಲ್ಲ. ಆದರೆ ಜೂನ್ ತಿಂಗಳಲ್ಲಿ ಒಂದು ಸಾಲು ಇದೆ. ದುಬೈ ಪಿಸಿಸಿ ಬಂದಿದೆ, ನೋಡಲಾಗಿದೆ ಅಂತ. ಕ್ರಿಮಿನಾಲಿಟಿ ಪಾಸ್. ಸೆಕ್ಯುರಿಟಿ ನಡೆಯುತ್ತಿದೆ. ಮದುವೆ ವಿಷಯದಲ್ಲಿ ಅನುಮಾನ ಇಲ್ಲ ಅಂತಲೂ ಬರೆದಿದ್ದಾರೆ. ಆ ಸಾಲನ್ನು ಹೆಂಡತಿ ಫೋಟೋ ತೆಗೆದು ಇಟ್ಟುಕೊಂಡಿದ್ದಾಳೆ.

ಏಜೆಂಟರು ದುಡ್ಡು ವಾಪಸ್ ಕೊಡುತ್ತೇನೆ ಅಂದಿದ್ದಾರೆ. ಕೈಮುಗಿಯುವ ಇಮೋಜಿ ಸಮೇತ. ನೋಡೋಣ.

ತುಮಕೂರಿನಲ್ಲಿ ಒಂದು ಕೆಲಸಕ್ಕೆ ಸೇರಿದ್ದೇನೆ. ಬೆಳಿಗ್ಗೆ ರೈಲಿಗೆ ಹೋಗಿ ರಾತ್ರಿ ಬರುತ್ತೇನೆ.

ಹುಬ್ಳಿ_ಟು_ಹ್ಯಾಲಿಫ್ಯಾಕ್ಸ್ · ಆಗಸ್ಟ್ 12

ತಿಪಟೂರಿನವರೇ, ಏನು ಸುದ್ದಿ? ಟ್ರ್ಯಾಕರ್ ನೋಡಿದಿರಾ?

ತಿಪಟೂರು_ತೆಂಗು · ಆಗಸ್ಟ್ 12

ಇಲ್ಲ ಅಣ್ಣ. ನನ್ನ ಫೋನಿನಿಂದ ಲಾಗ್‌ಔಟ್ ಮಾಡಿಬಿಟ್ಟೆ. ಈಗ ಅವಳೇ ನೋಡುವುದು, ನೈಟ್ ಶಿಫ್ಟ್‌ನಲ್ಲಿ ಮೂರು ಗಂಟೆಗೆ ಟೀ ಕುಡಿಯುವಾಗ. ಇಲ್ಲಿ ಆಗ ಮಧ್ಯಾಹ್ನ ಎರಡೂವರೆ, ನನ್ನ ಊಟದ ಹೊತ್ತು. ಡಬ್ಬಿ ಮುಚ್ಚುವವರೆಗೆ ಫೋನ್ ಬರದಿದ್ದರೆ ಇನ್ ಪ್ರೋಗ್ರೆಸ್ ಅಂತ ಲೆಕ್ಕ.